ನಾನು ತಿನ್ನದ ಗುಟ್ಕಾ

ಹೋದ ತಿಂಗಳು ಹಂಪಸಾಗರದಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಅರ್ಧ ದಾರಿ ಬಂದಿದ್ದೆವೋ ಇಲ್ಲವೋ, ಟೈರು ಪಂಕ್ಚರ್ ಆಗಿ ಎಲ್ಲರನ್ನೂ ಕೆಳಗಿಳಿಸಿದರು. ರಸ್ತೆ ಪಕ್ಕದ ಹೊಲದಲ್ಲಿ ಒಬ್ಬ ಹೆಂಗಸು ಶೇಂಗಾ ಒಣಗಿಸುತ್ತಿದ್ದಳು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಂತು. ಶೇಂಗಾದ ಅಡಿಗೆ ಹಾಸಿದ್ದು ಹಳೆಯ ಫ್ಲೆಕ್ಸ್ ಬ್ಯಾನರು. ನಮ್ಮ ಕಡೆ ಫ್ಲೆಕ್ಸಿಗೆ ಸಾವೆಂಬುದಿಲ್ಲ. ನಾಯಕರ ಹುಟ್ಟುಹಬ್ಬ ಮುಗಿದ ಮೇಲೆ ಅದು ಬಣವೆಗೆ ಹೊದಿಕೆಯಾಗುತ್ತದೆ, ಬಚ್ಚಲಿಗೆ ಮರೆಯಾಗುತ್ತದೆ, ಕೊನೆಗೆ ಕಾಳಿಗೆ ಹಾಸಾಗುತ್ತದೆ. ಆಕೆ ಕೈಯಾಡಿಸುತ್ತಾ ಶೇಂಗಾವನ್ನು ಒಂದು ಕಡೆ ಸರಿಸಿದಳು. ಅಡಿಯಲ್ಲಿ ಮೊದಲು ಒಂದು ಕಣ್ಣು ಕಂಡಿತು, ಆಮೇಲೆ ಬೋಳುತಲೆ, ಆಮೇಲೆ ಹೊಲಿಗೆ ಹಾಕಿದ ಕೆನ್ನೆ. ಬೇರೆ ಬಣ್ಣವೆಲ್ಲ ಹಾರಿಹೋಗಿ ನೀಲಿಯೊಂದೇ ಉಳಿದಿತ್ತು. ಹತ್ತು ವರ್ಷ ಎಲ್ಲಿ ಮಡಚಿಟ್ಟಿದ್ದರೋ, ಮುಖ ಮಾತ್ರ ನನ್ನದೇ.

"ಏನು ನೋಡಾಕ ಹತ್ತೀಯಪಾ ಹಂಗ?" ಎಂದಳು ಆಕೆ.

"ಈ ಫೋಟೋ ಯಾರದವ್ವ?"

"ಯಾರಿಗೆ ಗೊತ್ತು. ಗುಟ್ಕಾ ತಿಂದು ಸತ್ತ ಹುಡುಗಂದಿರಬೇಕು."

ಹೌದೇನು ಎಂದು ಸುಮ್ಮನೆ ಈಚೆ ಬಂದೆ. ನಾನು ಸತ್ತಿಲ್ಲ. ಗುಟ್ಕಾವನ್ನೂ ತಿಂದಿಲ್ಲ. ಸತ್ತಿಲ್ಲ ಎನ್ನುವುದನ್ನು ನಂಬಿಸಲು ಎದುರಿಗೆ ಹೋಗಿ ನಿಂತರೆ ಸಾಕು. ಎರಡನೆಯದನ್ನು ನಂಬಿಸಲು ಸಾಕ್ಷಿ ಬೇಕು. ಅದಕ್ಕೆ ನನ್ನ ಪಾಲಿಗೆ ಇದ್ದ ಸಾಕ್ಷಿಗಳು ಇಬ್ಬರೇ, ಅಪ್ಪ ಮತ್ತು ಅಕ್ಕ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು.

ಆ ಫೋಟೋ ತೆಗೆದ ವರ್ಷ ನನಗೆ ಹದಿನೇಳು. ಕೊಟ್ಟೂರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ನನ್ನ ಹೆಸರು ಕೊಟ್ರೇಶ. ನಮ್ಮೂರಲ್ಲಿ ಈ ಹೆಸರಿಟ್ಟುಕೊಂಡರೆ ಹೆಸರೇ ಇಲ್ಲದ ಹಾಗೆ, ಬೀದಿಯಲ್ಲಿ ಒಂದು ಸಲ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಪಿಯುಸಿ ಎರಡನೇ ವರ್ಷದ ಪರೀಕ್ಷೆ ಮುಗಿಸಿ ಗಿರಣಿಯಲ್ಲಿ ಅಪ್ಪನಿಗೆ ನೆರವಾಗುತ್ತಿದ್ದೆ. ಬೇಸಿಗೆಯೆಂದರೆ ಖಾರದಪುಡಿಯ ಕಾಲ. ಊರಿಗೆ ಊರೇ ಒಣಮೆಣಸಿನಕಾಯಿ ಹೊತ್ತು ತರುತ್ತದೆ, ಇಡೀ ಓಣಿ ಸೀನುತ್ತದೆ. ಒಂದು ದಿನ ಬಲಗೆನ್ನೆಯ ಒಳಗೆ ನಾಲಿಗೆಗೆ ಏನೋ ಗಟ್ಟಿಯಾಗಿ ತಾಕಿತು. ನೋವಿಲ್ಲ, ಹುಣ್ಣಿಲ್ಲ. ಹದಿನೈದು ದಿನದಲ್ಲಿ ಹೊರಗಿನಿಂದಲೂ ಕಾಣತೊಡಗಿತು.

ಅವ್ವ ಅದನ್ನು ಗದ್ದಬಾವು ಎಂದಳು. ಬೆಲ್ಲದಲ್ಲಿ ಸುಣ್ಣ ಕಲಸಿ ಕೆನ್ನೆಗೆ ಬಳಿದಳು. ನಮ್ಮ ಕಡೆ ಯಾವ ಬಾವು ಬಂದರೂ ಮೊದಲ ಮದ್ದು ಅದೇ. ದಿನವೂ ಹೊಸದಾಗಿ ಬಳಿಯುವುದು, ಅದು ಒಣಗಿ ಬಾಯಿಯ ಮೂಲೆಯವರೆಗೂ ಬಿಳಿಯ ಪಟ್ಟು ಕಟ್ಟುವುದು. ಬಾವು ಇಳಿಯದಾದಾಗ ಅಪ್ಪ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವ್ವ ಮುಖ ತೊಳೆಸಿ ಕಳಿಸಿದ್ದಳು, ಆದರೂ ತುಟಿಯ ಅಂಚಿನಲ್ಲಿ ಸುಣ್ಣ ಉಳಿದಿತ್ತು. ಡಾಕ್ಟರು ಬಾಯಿ ತೆಗೆಸುವ ಮೊದಲೇ ಅದನ್ನು ನೋಡಿದರು.

"ಎಷ್ಟು ದಿನದಿಂದ ಹಾಕ್ತೀ?"

"ಏನ್ರಿ?"

"ಗುಟ್ಕಾ, ಸುಣ್ಣ ತಂಬಾಕು. ನಿಮ್ಮಪ್ಪ ಅದಾರಂತ ಹೆದರಬ್ಯಾಡ, ನಿಜ ಹೇಳು."

ಅದು ಅವ್ವ ಹಚ್ಚಿದ ಸುಣ್ಣ ಎಂದು ಅಪ್ಪ ಹೇಳಬೇಕಿತ್ತು. ಅಪ್ಪ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಒಬ್ಬ ಓದಿದವನು ಕೇಳಿದ ಮೇಲೆ ಅದರಲ್ಲಿ ಏನೋ ಇರಲೇಬೇಕು ಎನ್ನುವುದು ಅವರ ಲೆಕ್ಕ. ಡಾಕ್ಟರು ಹಚ್ಚಲು ಮುಲಾಮು ಕೊಟ್ಟು, ಚಟ ಬಿಡಿಸಿ, ತಿಂಗಳು ಬಿಟ್ಟು ಕರಕೊಂಡು ಬರ್ರಿ ಎಂದರು. ಮನೆಗೆ ಬಂದವರೇ ಅಪ್ಪ ನನ್ನ ಪುಸ್ತಕದ ಚೀಲ ಸುರುವಿದರು, ಹಾಸಿಗೆ ಕೊಡವಿದರು, ಪ್ಯಾಂಟಿನ ಜೇಬುಗಳನ್ನು ಒಳಹೊರಗು ಮಾಡಿ ಮೂಸಿ ನೋಡಿದರು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದರೆ ನಾನು ಜಾಣ ಕಳ್ಳ ಎಂದಾಯಿತು. ಚಟವೇ ಇಲ್ಲದವನಿಗೆ ಚಟ ಬಿಡಿಸುವ ಆ ಕೆಲಸದಲ್ಲಿ ತಿಂಗಳಿಗಿಂತ ಹೆಚ್ಚು ಕಾಲ ಹೋಯಿತು. ಕೆನ್ನೆಯೊಳಗಿನದು ಅಷ್ಟರಲ್ಲಿ ನಿಂಬೆಹಣ್ಣಿನಷ್ಟಾಗಿತ್ತು.

ಮನೆಯಲ್ಲಿ ಮೊದಲ ದಿನದಿಂದ ನನ್ನನ್ನು ನಂಬಿದವಳು ಅಕ್ಕ ಗಿರಿಜಾ. ನನಗಿಂತ ಏಳು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಓಣಿಯೆಲ್ಲ ತಿರುಗಿದವಳು, ನನ್ನ ಬಾಯಿಗೆ ಮೊದಲ ತುತ್ತು ಇಟ್ಟಿದ್ದು ತಾನೇ ಎಂದು ಅವ್ವನ ಜೊತೆ ಜಗಳ ಆಡುತ್ತಿದ್ದವಳು. "ಅವ ಸುಳ್ಳು ಹೇಳಿದ್ರ ನನಗ ಗೊತ್ತಾಗತೈತಿ. ಅವನ ಕಿವಿ ಕೆಂಪಾಗ್ತಾವ. ಈಗ ನೋಡ್ರಿ, ಆಗ್ಯಾವೇನು?" ಎಂದು ಅಪ್ಪನ ಮುಂದೆ ನನ್ನ ಕಿವಿ ಹಿಡಿದು ತೋರಿಸಿದ್ದಳು. ಅಪ್ಪನನ್ನು ಕಾಡಿ ಬೇಡಿ ದಾವಣಗೆರೆಗೆ ಹೊರಡಿಸಿದ್ದೂ ಅವಳೇ. ಅಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನವೇ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮನ ಎದುರು ನಾನು, ಅಪ್ಪ, ಅಕ್ಕ ಮೂವರೂ ಕೂತಿದ್ದೆವು. ಆಕೆ ಒಂದು ಹಾಳೆಯ ಮೇಲೆ ಕೆನ್ನೆಯ ಚಿತ್ರ ಬರೆದು ಹೇಳಿದರು. "ಬಾಯಿ ಕ್ಯಾನ್ಸರ್ ಅಂದ್ರೆ ಸಾಮಾನ್ಯವಾಗಿ ಒಳಚರ್ಮದಲ್ಲಿ ಶುರುವಾಗುತ್ತೆ. ಇದು ಹಾಗಲ್ಲ. ಇದು ಕೆನ್ನೆಯ ಮಾಂಸಖಂಡದಲ್ಲಿ ಹುಟ್ಟಿರೋದು. ಸಾರ್ಕೋಮಾ ಅಂತೀವಿ. ಬಾಯಲ್ಲಿ ಬರೋದು ತುಂಬಾ ಅಪರೂಪ. ಬಂದ್ರೆ ಮಕ್ಕಳಿಗೆ, ಇಂಥ ಹುಡುಗರಿಗೇ ಹೆಚ್ಚು."

ಅಕ್ಕ ಮುಂದಕ್ಕೆ ಬಾಗಿ ಕೇಳಿದಳು. "ಗುಟ್ಕಾದಿಂದ ಬಂದದ್ದೇನ್ರಿ ಇದು?"

"ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾಕೆ ಬಂತು ಅಂತ ಕೇಳಿದ್ರೆ ನಮಗೂ ಗೊತ್ತಿಲ್ಲ."

"ಮನಿತನದಾಗ ಬರೂದೇನ್ರಿ?" ಎಂದರು ಅಪ್ಪ.

"ಸಾಮಾನ್ಯವಾಗಿ ಅಲ್ಲ."

ಅಕ್ಕ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಗೆದ್ದೆವು ಎನ್ನುವಂತೆ. ಕ್ಯಾನ್ಸರ್ ಎಂದು ಹೇಳಿಸಿಕೊಂಡ ದಿನ ನಾನು ಮನಸ್ಸಿನಲ್ಲೇ ನಕ್ಕೆನೆಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ನಕ್ಕಿದ್ದೆ. ಹೊರಗೆ ಬಂದ ಮೇಲೆ ಅಪ್ಪ ನೀರಿನ ನಲ್ಲಿಯ ಹತ್ತಿರ ನನ್ನ ಕೈ ಹಿಡಿದುಕೊಂಡರು. "ತಪ್ಪಾತಪಾ. ನಿನ್ನ ಮ್ಯಾಲ ಅನುಮಾನ ಪಟ್ಟೆ" ಎಂದರು. ಅಪ್ಪ ಯಾರ ಹತ್ತಿರವೂ ತಪ್ಪಾಯಿತು ಎಂದವರಲ್ಲ. ಆ ಒಂದು ಮಾತಿನ ಬಲದ ಮೇಲೆ ನಾನು ಮೊದಲ ಸುತ್ತಿನ ಕೀಮೋ ತಡೆದುಕೊಂಡೆ.

ಆಷಾಢದಲ್ಲಿ ಊರಿಗೆ ಬಂದೆ. ನಮ್ಮೂರಿನ ಆಷಾಢದಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ. ಮೋಡ ಬರುತ್ತದೆ, ನಮ್ಮನ್ನು ನೋಡುತ್ತದೆ, ಉಜ್ಜಿನಿಯ ಕಡೆ ಹೊರಟುಹೋಗುತ್ತದೆ. ಮುಸುಕಿನ ಜೋಳ ಬಿತ್ತಿದವರು ಗಿರಣಿಯ ಕಟ್ಟೆಯ ಮೇಲೆ ಕೂತು ಆಕಾಶವನ್ನು ಬೈಯುವರು. ಬೈದು ಸಾಕಾದ ಮೇಲೆ ಒಳಗೆ ಬಂದು ನನ್ನನ್ನು ನೋಡುವರು. ಬಾಯಿ ತೆಗೆಯಲಾರದವನಿಗೆ ಎಲ್ಲರೂ ಸೇಬುಹಣ್ಣು ತರುತ್ತಿದ್ದರು. ಕೂದಲು ಉದುರಿದ ತಲೆಯನ್ನು, ಊದಿದ ಕೆನ್ನೆಯನ್ನು ನೋಡಿ ಲೊಚಗುಟ್ಟಿ, "ಆ ಹಾಳು ಚಟ ಮೊದ್ಲ ಬಿಡಬೇಕಿತ್ತಪಾ" ಎನ್ನುವರು. ಅಡುಗೆಮನೆಯಿಂದ ಅಕ್ಕ ಸೌಟು ಹಿಡಿದುಕೊಂಡೇ ಬರುತ್ತಿದ್ದಳು.

"ಅವ ತಿಂದಿಲ್ರಿ! ಡಾಕ್ಟ್ರು ನಮ್ಮ ಮುಂದ ಹೇಳ್ಯಾರ. ಇದಕ್ಕ ಕಾರಣನ ಇಲ್ಲ, ತಾನಾಗೇ ಬಂದೈತಿ."

ಓಣಿಯ ಪ್ರತಿ ಮನೆಗೂ ಅಕ್ಕ ಅದನ್ನು ಹೇಳಿದಳು. ನಲ್ಲಿಯ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಹಿಟ್ಟು ಬೀಸಿಸಲು ಬಂದವರಿಗೆ. ನನ್ನ ಪರವಾಗಿ ಯಾರಾದರೂ ಅಷ್ಟು ಜಗಳವಾಡಿದ್ದು ಅದೇ ಮೊದಲು, ಅದೇ ಕೊನೆ. ಅವಳು ಹಾಗೆ ಸಿಡುಕುತ್ತಿದ್ದಾಗ ನನಗೆ ಹೊಟ್ಟೆಯ ಸಂಕಟ ಕೂಡ ಕಡಿಮೆ ಎನಿಸುತ್ತಿತ್ತು.

ಶ್ರಾವಣ ಬರುತ್ತಲೇ ಅದರ ಫಲ ಬಂತು. ಹಡಗಲಿಯ ಒಂದು ಮನೆಯವರು ಅಕ್ಕನನ್ನು ಬೇಸಿಗೆಯಲ್ಲೇ ನೋಡಿ ಒಪ್ಪಿಕೊಂಡು ಹೋಗಿದ್ದರು. ಮಲ್ಲಿಗೆ ತೋಟ ಇದ್ದವರು, ನೋಡಲು ಬಂದಾಗ ಒಂದು ಬುಟ್ಟಿ ಹೂವು ತಂದಿದ್ದರು. ಮಾತುಕತೆಗೆ ಬರುವುದಷ್ಟೇ ಬಾಕಿ ಇತ್ತು. ಬರಲಿಲ್ಲ, ಫೋನು ಬಂತು. ಹುಡುಗಿಯ ಬಗ್ಗೆ ನಮಗೇನೂ ಇಲ್ಲ, ತಮ್ಮನಿಗೆ ಕಾರಣವೇ ಇಲ್ಲದ ಕ್ಯಾನ್ಸರ್ ಬಂದಿದೆಯಂತೆ, ಕಾರಣ ಇಲ್ಲ ಅಂದರೆ ಅದು ರಕ್ತದಲ್ಲೇ ಇರಬೇಕು, ನಾಳೆ ಮಕ್ಕಳಿಗೆ ಬಂದರೆ ಯಾರು ಹೊಣೆ ಎಂದರಂತೆ. ಅಪ್ಪ ಫೋನಿಟ್ಟು ಅಕ್ಕನನ್ನು ನೋಡಿದರು. "ಊರೆಲ್ಲ ಸಾರಿಕೊಂಡು ಬಂದೆಲ್ಲವ್ವ" ಎಂದಷ್ಟೇ ಅಂದರು. ಅಕ್ಕ ಅಂದಿನಿಂದ ಸೌಟು ಹಿಡಿದು ಹೊರಗೆ ಬರುವುದನ್ನು ಬಿಟ್ಟಳು. ಬಂದವರು ಚಟದ ಮಾತು ತೆಗೆದರೆ ಒಳಗಿನಿಂದ ಪಾತ್ರೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ನನಗೆ ಅರ್ಥವಾಯಿತು, ಬೇಸರ ಮಾಡಿಕೊಳ್ಳಲಿಲ್ಲ. ಅವಳ ಬಾಳಿಗೆ ನಾನು ಅಡ್ಡ ಬಂದೆನಲ್ಲ ಎಂದು ಅತ್ತಿದ್ದೂ ಉಂಟು.

ದಸರೆಗೆ ಸ್ವಲ್ಪ ಮೊದಲು ಆಪರೇಷನ್ ಆಯಿತು. ಕೆನ್ನೆಯ ಒಳಗಿನ ಗಡ್ಡೆಯ ಜೊತೆ ಸುತ್ತಲಿನ ಮಾಂಸವನ್ನೂ ತೆಗೆದರು. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು, ನಾನು ಹೇಳಿದ್ದು ನನಗೇ ತಿಳಿಯದಂತೆ ಮಾತು ತೊದಲಿತು. ಊರಿಗೆ ಬಂದ ಮೂರನೇ ದಿನ ಅಪ್ಪ ಮೊಬೈಲು ಹಿಡಿದು ಎದುರು ಕೂತರು. "ಆಸ್ಪತ್ರಿಗೆ ಕಳಸಬೇಕಂತ. ಗಲ್ಲ ಈ ಕಡೆ ತಿರುಗಸು" ಎಂದರು. ತಿರುಗಿಸಿದೆ. ಬೆಳಕು ಸಾಲದೆಂದು ಬಾಗಿಲಿಗೆ ಕರೆದರು. ಹೋಗಿ ನಿಂತೆ. ಹೊಲಿಗೆ ಚೆನ್ನಾಗಿ ಕಾಣಲಿ ಎಂದು ನಾನೇ ಕತ್ತು ವಾಲಿಸಿದ್ದೆ.

ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಲು ಮತ್ತೆ ಬೆಂಗಳೂರು. ಮುಗಿಸಿಕೊಂಡು ದೀಪಾವಳಿ ಕಳೆದ ಮೇಲೆ ನಾನೂ ಅಪ್ಪನೂ ಊರಿಗೆ ಮರಳಿದೆವು. ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಲೆಯೆತ್ತಿದರೆ ಎದುರಿಗೆ ಎರಡು ಆಳೆತ್ತರ ನಾನೇ ನಿಂತಿದ್ದೆ. ಬೋಳುತಲೆ, ವಾಲಿಸಿದ ಕತ್ತು, ಹೊಲಿಗೆ. ಮೇಲೆ ಕೆಂಪಕ್ಷರದಲ್ಲಿ "ಗುಟ್ಕಾ ತಂದ ಗತಿ ನೋಡಿ! ನಮ್ಮೂರ ಯುವಕನಿಗಾದದ್ದು ನಿಮಗಾಗದಿರಲಿ!" ಎಂದು ಬರೆದಿತ್ತು. ಕೆಳಗೆ ಕೈಮುಗಿದ ಯುವಕ ಸಂಘದ ಪದಾಧಿಕಾರಿಗಳ ಸಾಲು, ಜನಕ್ಕೊಂದು ದುಂಡನೆಯ ಚೌಕಟ್ಟು. ನನ್ನ ಗತಿಗೆ ಅಷ್ಟೊಂದು ಜನ ಹಾರ್ದಿಕ ಶುಭಾಶಯ ಕೋರಿದ ಹಾಗಿತ್ತು. ಎಳನೀರು ಮಾರುವವನು ಬ್ಯಾನರನ್ನೂ ನನ್ನನ್ನೂ ಒಮ್ಮೆ ನೋಡಿ ಕಣ್ಣು ತಪ್ಪಿಸಿದ.

ಅಪ್ಪನ ಕಡೆ ತಿರುಗಿದೆ. ಅವರು ಬ್ಯಾಗು ಹೆಗಲಿಗೇರಿಸುತ್ತಾ ಬೇರೆಲ್ಲೋ ನೋಡುತ್ತಿದ್ದರು. "ನಡಿ, ಬಿಸಲೈತಿ" ಎಂದರು.

ಸಂಘದ ಅಧ್ಯಕ್ಷರು ಮಂಜುನಾಥ ಮೇಷ್ಟ್ರು. ನನಗೆ ಕೆಮಿಸ್ಟ್ರಿ ಟ್ಯೂಷನ್ ಹೇಳಿದವರು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಮಾತು ತೊದಲುತ್ತದೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. 'ನಾನು ತಿಂದಿಲ್ಲ. ಇದು ಸಾರ್ಕೋಮಾ. ನಿಮಗೆ ಫೋಟೋ ಕೊಟ್ಟವರು ಯಾರು?' ಮೇಷ್ಟ್ರು ಓದಿ, ಕನ್ನಡಕ ತೆಗೆದು, ನನ್ನ ಬೆನ್ನ ಮೇಲೆ ಕೈಯಿಟ್ಟರು.

"ನಿಮ್ಮಪ್ಪನ ಬಂದು ಕೊಟ್ಟಾರಪಾ. 'ನನ್ನ ಮಗನ್ನ ನೋಡಿ ನಾಕು ಹುಡುಗ್ರಾದ್ರೂ ಬಿಡ್ಲಿ ಮೇಷ್ಟ್ರೇ, ದೊಡ್ಡದಾಗಿ ಹಾಕಸ್ರಿ' ಅಂದ್ರು. ನನ್ನ ಕಣ್ಣಾಗ ನೀರು ಬಂತು ನೋಡು. ಎಂಥಾ ದೊಡ್ಡ ಮನಸ್ಸು. ಬ್ಯಾರೇ ಯಾರಾದ್ರೂ ಆಗಿದ್ರ ಮುಚ್ಚಿಡತಿದ್ರು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿಗೂ ಒಂದೊಂದು ಕಳಿಸೀವಿ."

ಅಲ್ಲಿಂದ ಗಿರಣಿಗೆ ಬಂದೆ. ಅಪ್ಪ ಯಾರದೋ ಗೋಧಿ ಹಾಕುತ್ತಿದ್ದರು. ಆ ಸದ್ದಿನಲ್ಲಿ ನನ್ನ ಮಾತು ಕೇಳುವುದು ಸಾಧ್ಯವಿರಲಿಲ್ಲ. ನಾನೇ ಹೋಗಿ ಸ್ವಿಚ್ಚು ಆರಿಸಿದೆ. ಯಂತ್ರದ ಪಟ್ಟಿ ನಿಧಾನವಾಗಿ ನಿಂತಿತು. ಯಾಕೆ ಎಂದು ಕೇಳಿದೆ. ಅಪ್ಪ ಕೈಯ ಹಿಟ್ಟು ಒರೆಸಿಕೊಂಡರು.

"ಚಟದಿಂದ ಬಂತಂದ್ರ ಆ ರೋಗ ನಿನ್ನ ಹತ್ತಿರನ ನಿಂದ್ರತೈತಿ. ಕಾರಣಿಲ್ದ ಬಂತಂದ್ರ ಮನಿತನಕ್ಕ ಹತ್ತತೈತಿ. ಗಿರಿಜಾನ್ನ ಇನ್ನ ಯಾರು ಕೇಳ್ತಾರ?"

"ಡಾಕ್ಟ್ರು ಅಲ್ಲ ಅಂದ್ರಲ್ಲ."

"ಸಾಮಾನ್ಯವಾಗಿ ಅಲ್ಲ ಅಂದ್ರು. ಆ 'ಸಾಮಾನ್ಯವಾಗಿ' ಇಟ್ಕೊಂಡು ನಾನು ಯಾರ ಮನಿ ಬಾಗಿಲಿಗೆ ಹೋಗ್ಲಿ?"

"ಮತ್ತ ನಾನು?"

"ನೀನು ಗಂಡುಹುಡುಗ. ಊರಾಗ ಎಷ್ಟು ಮಂದಿ ತಿನ್ನೂದಿಲ್ಲ? ತಿಂತಿದ್ದ, ಬಿಟ್ಟ ಅಂತಾರ, ಮರೀತಾರ" ಎಂದು ಮತ್ತೆ ಸ್ವಿಚ್ಚು ಹಾಕಿದರು.

ನನಗೆ ಆವತ್ತು ಆದದ್ದನ್ನು ದುಃಖ ಎಂದರೆ ಸುಳ್ಳಾಗುತ್ತದೆ. ಅಪ್ಪನನ್ನು ಹೊಡೆಯಬೇಕು ಎನಿಸಿತು. ಸುಣ್ಣ ನೋಡಿ ಅನುಮಾನಪಟ್ಟ ಅಪ್ಪನನ್ನು ನಾನು ಕ್ಷಮಿಸಿದ್ದೆ, ಅವರಿಗೆ ಆಗ ಗೊತ್ತಿರಲಿಲ್ಲ. ಇದು ಗೊತ್ತಿದ್ದೂ ಮಾಡಿದ್ದು. ಆಸ್ಪತ್ರೆಯ ನಲ್ಲಿಯ ಹತ್ತಿರ ನನ್ನ ಕೈ ಹಿಡಿದ ಕೈಯಿಂದಲೇ ಫೋಟೋ ತೆಗೆದದ್ದು. ಅವರ ಹಾಗೆ ಯೋಚಿಸಿದರೆ ಇದು ಸರಿ ಎಂದು ಅನಿಸುತ್ತಿತ್ತಲ್ಲ, ಅದಕ್ಕೆ ಇನ್ನೂ ಹೆಚ್ಚು ಮೈಯುರಿಯಿತು. ಅಕ್ಕನ ಮದುವೆ ಆಗಲಿ ಎಂದು ನನಗೂ ಇತ್ತು. ನನ್ನನ್ನು ಒಂದು ಮಾತು ಕೇಳಿದ್ದರೆ ನಾನೇ ಒಪ್ಪುತ್ತಿದ್ದೆನೋ ಏನೋ. ಕೇಳಲಿಲ್ಲ, ಗಲ್ಲ ತಿರುಗಿಸು ಎಂದರು.

ಕಾರ್ತಿಕದಲ್ಲಿ ಅಕ್ಕನನ್ನು ನೋಡಲು ಹಂಪಸಾಗರದವರು ಬಂದರು. ಬ್ಯಾನರನ್ನು ಅವರು ಹಗರಿಬೊಮ್ಮನಹಳ್ಳಿಯಲ್ಲೇ ನೋಡಿದ್ದರು. ನನ್ನನ್ನು ಒಳಕೋಣೆಯಲ್ಲಿ ಇರಿಸುತ್ತಾರೆಂದುಕೊಂಡಿದ್ದೆ, ಅಪ್ಪ ನಡುಮನೆಯಲ್ಲೇ ಕೂರಿಸಿದರು. ಉಪ್ಪಿಟ್ಟು ಕೇಸರಿಬಾತು ಬಂತು. ಹುಡುಗನ ದೊಡ್ಡಪ್ಪ ಒಳ್ಳೆಯ ಮನುಷ್ಯ, ದನಿಯಲ್ಲಿ ಕನಿಕರವಿತ್ತು.

"ಏನಪಾ ತಮ್ಮಾ, ಈಗ ಪೂರ್ತಿ ಬಿಟ್ಟೀಯಿಲ್ಲೋ?"

ಎಲ್ಲರೂ ನನ್ನ ಬಾಯಿ ನೋಡಿದರು. ಅಪ್ಪ ಚಾಪೆಯ ಅಂಚು ನೋಡುತ್ತಿದ್ದರು. ಅಕ್ಕ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಷಾಢವೆಲ್ಲ ನನಗಾಗಿ ಊರಿನ ಜೊತೆ ಜಗಳವಾಡಿದ ಅಕ್ಕ. ಅವಳು ಮಾತಾಡುತ್ತಾಳೆ ಎಂದು ನಾನು ನಿರೀಕ್ಷಿಸಿದ್ದೆನೇ? ಇಲ್ಲ. ಒಮ್ಮೆ ನನ್ನ ಕಡೆ ನೋಡಲಿ ಎಂದಷ್ಟೇ ಕಾದೆ. ಅವಳ ಕಣ್ಣು ಲೋಟಗಳ ಮೇಲಿತ್ತು.

"ಬಿಟ್ಟೀನ್ರಿ" ಎಂದೆ.

ತೊದಲು ಮಾತು ಅವರಿಗೆ ತಿಳಿಯಲಿಲ್ಲ. "ಏನಂದೀ?" ಎಂದು ಕಿವಿಗೆ ಕೈ ಹಚ್ಚಿದರು. ಇನ್ನೊಮ್ಮೆ, ಬಿಡಿಬಿಡಿಯಾಗಿ, ಬಾಯಿ ಆದಷ್ಟು ತೆರೆದು ಹೇಳಿದೆ. "ಬಿಟ್ಟೀನ್ರಿ."

"ಶಾಣ್ಯಾ ಆದಿ ಬಿಡು" ಎಂದು ಅವರು ಬೆನ್ನು ತಟ್ಟಿದರು. ಮಾಘದಲ್ಲಿ ಮದುವೆಯಾಯಿತು.

ನಾನು ಉಳಿದುಕೊಂಡೆ. ಸರ್ವೇ ಕಲಿತು ಈಗ ಹೊಸಪೇಟೆಯಲ್ಲಿ ಇದ್ದೇನೆ. ಹೊಲ ಅಳೆಯುವುದಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ. ಅಪ್ಪ ಹೇಳಿದಂತೆ ಊರು ಮರೆಯಲಿಲ್ಲ. ನನಗೆ ಹೆಣ್ಣು ಕೇಳಲು ಹೋದ ಮೂರು ಕಡೆಯೂ ಮೊದಲ ಪ್ರಶ್ನೆ ಅದೇ ಬಂತು. ಅಪ್ಪ ಕೊನೆಯವರೆಗೂ ಆ ವಿಷಯ ಎತ್ತಲಿಲ್ಲ. ಹಾಸಿಗೆ ಹಿಡಿದಾಗ ನಾನೇ ಅವರ ಮೈ ಒರೆಸಿದೆ, ಒಂದು ಮಾತು ಆಡಿಯಾರೆಂದು ಕಾದೆ. ನೀರು ಕೇಳಿದರು, ಮಾತ್ರೆ ಕೇಳಿದರು. ಹಾಗಾಗಿ ಈಗ ಆ ಡಾಕ್ಟರಮ್ಮನ ಎದುರು ನನ್ನ ಪಕ್ಕ ಕೂತಿದ್ದವರಲ್ಲಿ ಉಳಿದವಳು ಅಕ್ಕ ಒಬ್ಬಳೇ.

ಬಸ್ಸಿಗೆ ಬೇರೆ ಟೈರು ಹಾಕಿ ಅಕ್ಕನ ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಊಟಕ್ಕೆ ಕೂತೆವು, ನಾನು, ಭಾವ, ಅಕ್ಕನ ಮಗಳು ಸಾನ್ವಿ. ಅವಳಿಗೆ ಎಂಟು ವರ್ಷ. ಅಕ್ಕ ನನಗೆಂದು ಅನ್ನವನ್ನು ಮೆತ್ತಗೆ ಮಾಡಿದ್ದಳು, ಸಾರಿಗೆ ಖಾರ ಹಾಕಿರಲಿಲ್ಲ. ಸಾನ್ವಿ ತಾನು ಉಣ್ಣುವುದನ್ನು ಬಿಟ್ಟು ನಾನು ಉಣ್ಣುವುದನ್ನೇ ನೋಡುತ್ತಿದ್ದಳು. ಶಾಲೆಯಲ್ಲಿ ದುಶ್ಚಟದ ಬಗ್ಗೆ ಪ್ರತಿಜ್ಞೆ ಮಾಡಿಸಿದ್ದರಂತೆ.

"ಮಾಮಾ, ನೀನು ಗುಟ್ಕಾ ತಿಂದಿದ್ದಕ್ಕ ಗಲ್ಲ ಹಂಗಾಗೈತಂತ, ಹೌದಾ?"

"ಏ, ದೊಡ್ಡವರಿಗೆ ಹಂಗ ಕೇಳಬಾರದು" ಎಂದರು ಭಾವ.

"ಯಾರು ಹೇಳಿದ್ರವ್ವ?" ಎಂದೆ.

"ಮಮ್ಮಿ."

ಹತ್ತು ವರ್ಷ ನಾನು ಈ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅಂದು ದಾರಿಯಲ್ಲಿ ಆ ಹೆಂಗಸಿನ ಮುಂದೆ ಸುಮ್ಮನಿದ್ದು ಬಂದಿದ್ದೆ. ಇನ್ನು ಆಗಲಿಲ್ಲ. "ಇಲ್ಲ ಸಾನ್ವಿ. ನಾನು ಒಂದು ದಿನಾನೂ ಗುಟ್ಕಾ ತಿಂದಿಲ್ಲ. ಇದು ಅದರಿಂದ ಬಂದದ್ದಲ್ಲ. ಡಾಕ್ಟ್ರು ಹೇಳುವಾಗ ನಿಮ್ಮ ಮಮ್ಮಿ ನನ್ನ ಪಕ್ಕಕ್ಕ ಕುಂತಿದ್ದಳು. ಆಕೀನ್ನ ಕೇಳು" ಎಂದೆ.

ಭಾವನ ಕೈ ತಟ್ಟೆಯಲ್ಲೇ ನಿಂತಿತು. ಅವರು ಹೆಂಡತಿಯ ಮುಖ ನೋಡಿದರು. ಅಕ್ಕ ಸಾರಿನ ಪಾತ್ರೆ ಕೆಳಗಿಟ್ಟು, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಅವಳ ತಲೆಯ ಮೇಲೆ ಕೈಯಿಟ್ಟಳು. ಈ ಸಲ ನನ್ನ ಕಣ್ಣು ತಪ್ಪಿಸಲಿಲ್ಲ. ನನ್ನನ್ನೇ ನೋಡುತ್ತಾ, ತಣ್ಣಗೆ, ಒಂದಿಷ್ಟೂ ತಡವರಿಸದೆ ಹೇಳಿದಳು.

"ಹುಡುಗಿ ಮುಂದ ಸುಳ್ಳು ಹೇಳಬ್ಯಾಡೋ ತಮ್ಮಾ."